ಐವತ್ತೊಂಬತ್ತು ಪ್ರಶ್ನೆ ಚಿಹ್ನೆಗಳು

“ಎರಡು ಪಾರ್ಟಿಯವರೂ ಒಟ್ಟಿಗೆ ಬಂದದ್ದು ನೋಡಿ ಖುಷಿಯಾಯ್ತು,” ಎಂದ ಶೋಧನ್, ಹೇಳಿ ಮುಗಿಸಿದ ಮೇಲೆ ತಾನು ಸಿಕ್ಕಿಬಿದ್ದದ್ದು ಅರಿವಾದವನಂತೆ ಜಗಲಿಯ ಕಂಬ ಹಿಡಿದುಕೊಂಡ. ಎದುರಿನ ಕುರ್ಚಿಗಳಲ್ಲಿ ಸರಸ ಮತ್ತು ರಾಫಿಯಾ ಕೂತಿದ್ದರು. ಸರಸಳ ಹೆಗಲ ಮೇಲೆ ಒಂದು ಪಕ್ಷದ ಶಾಲು, ರಾಫಿಯಾಳ ಹೆಗಲ ಮೇಲೆ ಇನ್ನೊಂದು ಪಕ್ಷದ್ದು. ಇಬ್ಬರ ಮಡಿಲಲ್ಲೂ ಮತದಾರರ ಪಟ್ಟಿಯ ಅದೇ ಪುಟ, ಇಬ್ಬರ ಕೈಯಲ್ಲೂ ಪೆನ್ಸಿಲ್.

“ಹಾಗಾದರೆ ನಿಮ್ಮ ಮನೆಯ ಓಟು?” ರಾಫಿಯಾ ಕೇಳಿದಳು.

“ನಿಮಗೇ,” ಎಂದ ಶೋಧನ್. ಹಾಗೆನ್ನುವಾಗ ಅವನ ಕಣ್ಣು ಇಬ್ಬರ ಕುರ್ಚಿಗಳ ನಡುವೆ ಮಲಗಿದ್ದ ಬೆಕ್ಕಿನ ಮೇಲಿತ್ತು.

ಅಷ್ಟರಲ್ಲಿ ಅವನ ಹೆಂಡತಿ ವಿಸ್ಮಿತಾ ಪುನರ್ಪುಳಿ ಶರಬತ್ತು ತಂದಳು. “ನಮ್ಮಲ್ಲಿ ಮೂರು ಓಟು ಉಂಟು. ಅತ್ತೆಯದ್ದು ಸರಸಕ್ಕನಿಗೆ, ನನ್ನದು ರಾಫಿಯಾಗೆ. ಸರಿಯಾಯ್ತಲ್ಲ? ಇನ್ನು ಇವರದ್ದು ಇವರೇ ಹೇಳಲಿ.”

ಶೋಧನ್ ಹೆಂಡತಿಯನ್ನು ನೋಡಿದ ನೋಟಕ್ಕೆ ಬೆಕ್ಕು ಎದ್ದು ಹೋಯಿತು.

ಸರಸ ಮೂರು ಹೆಸರುಗಳ ಮುಂದೆಯೂ ಪ್ರಶ್ನೆ ಚಿಹ್ನೆ ಹಾಕಿದಳು. ಪಕ್ಷದ ಕಚೇರಿಯಲ್ಲಿ ಹೇಳಿಕೊಟ್ಟದ್ದು ಹಾಗೆ: ನಮಗೆ ಹಾಕುವವರ ಹೆಸರಿಗೆ ರೈಟು, ಅವರಿಗೆ ಹಾಕುವವರಿಗೆ ತಪ್ಪು, ಸಂಶಯವಿದ್ದರೆ ಪ್ರಶ್ನೆ. ಹೇಳಿಕೊಡುವಾಗ ಸುಲಭವೆನಿಸಿತ್ತು. ಆದರೆ ಜಗಲಿಗೆ ಬಂದು ಕೂತವರ ಮುಖಕ್ಕೆ ‘ಇಲ್ಲ’ ಎನ್ನುವವರು ಆ ಊರಿನಲ್ಲಿ ಯಾರಿದ್ದಾರೆ? ಹದಿನೆಂಟು ವರ್ಷ ಹೊಲಿಗೆ ಅಂಗಡಿ ನಡೆಸಿದ ಸರಸಳಿಗೆ ಇದು ಗೊತ್ತಿಲ್ಲದ್ದೇನಲ್ಲ. ರವಿಕೆ ಕಂಕುಳಲ್ಲಿ ಹಿಡಿಯುತ್ತಿದ್ದರೂ ಹೆಂಗಸರು “ಚಂದ ಆಗಿದೆ ಸರಸಕ್ಕ” ಎಂದೇ ಹೇಳಿ ಹೋಗುತ್ತಾರೆ; ಆಮೇಲೆ ಬೇರೆ ಟೈಲರ್ ಹತ್ತಿರ ಬಿಚ್ಚಿಸುತ್ತಾರೆ.

ರಾಫಿಯಾಳ ಜೊತೆ ಹೊರಟದ್ದಕ್ಕೆ ರಾಜಕೀಯ ಕಾರಣವೇನೂ ಇರಲಿಲ್ಲ. ಇಬ್ಬರದೂ ಒಂದೇ ವಠಾರ, ಇಬ್ಬರಿಗೂ ಸಿಕ್ಕಿದ್ದು ಅದೇ ಅರುವತ್ತು ಹೆಸರು, ಮತ್ತು ಆ ದಾರಿಯ ನಾಯಿಗಳು ಒಬ್ಬರೇ ಹೋದರೆ ಬಿಡುವುದಿಲ್ಲ.

ಸಂಜೆ ನಾಲ್ಕಕ್ಕೆ ಅಭ್ಯರ್ಥಿ ಬರುವವರಿದ್ದರು. ಮೂರಕ್ಕೆ ಸರಸ ಮಡಂತ್ಯಾರಿನ ಕಚೇರಿ ತಲುಪಿದಳು. ಕಚೇರಿ ಎಂದರೆ ಮೊದಲು ಟೈಲ್ಸ್ ಅಂಗಡಿಯಿದ್ದ ಕೋಣೆ. ಒಂದು ಗೋಡೆ ತುಂಬ ಇನ್ನೂ ಬಾತ್‌ರೂಮಿನ ಟೈಲ್ಸ್‌ಗಳ ಮಾದರಿಗಳಿದ್ದವು, ಉಳಿದ ಗೋಡೆಗಳಲ್ಲಿ ಅಭ್ಯರ್ಥಿಯ ಮುಖ. ಮೇಜಿನ ಹಿಂದೆ ಬೂತಿನ ಜವಾಬ್ದಾರಿ ಹೊತ್ತ ಅಬ್ಬಾಸ್ ಕೂತಿದ್ದರು. ಮರದ ವ್ಯಾಪಾರಿ, ಊರಿಗೆಲ್ಲ ಅಬ್ಬಾಸಾಕ. ಅವರ ಮುಂದೆ ‘ಪೋಲಿಂಗ್ ಏಜೆಂಟ್’ ಎಂದು ಬರೆದ ಖಾಲಿ ಫಾರ್ಮ್ ಒಂದಿತ್ತು. ಸರಸ ಅದನ್ನು ನೋಡದ ಹಾಗೆ ನೋಡಿದಳು.

ಆ ಫಾರ್ಮಿಗಾಗಿಯೇ ಅವಳು ಮೂರು ವಾರದಿಂದ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಬರುತ್ತಿದ್ದಳು. ಏಜೆಂಟ್ ಎಂದರೆ ಮತದಾನದ ದಿನ ಬೆಳಿಗ್ಗಿನಿಂದ ಸಂಜೆಯವರೆಗೆ ಶಾಲೆಯ ಕೋಣೆಯೊಳಗೆ, ಅಧಿಕಾರಿಗಳ ಪಕ್ಕದಲ್ಲಿ, ಪಟ್ಟಿ ಹಿಡಿದು ಕೂರುವುದು. ಅದೇ ಶಾಲೆಯನ್ನು ಏಳನೇ ತರಗತಿಯ ಅರ್ಧದಲ್ಲಿ ಬಿಟ್ಟು ಅವಳು ಹೊಲಿಗೆ ಕಲಿಯಲು ಹೋಗಿದ್ದಳು. ಮೂವತ್ತೆಂಟನೆಯ ವಯಸ್ಸಿಗೆ ಸಂಜೆ ತರಗತಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು, ಅದೂ ಒಂದು ಅಂಕದಿಂದ. ಆ ಒಂದು ಅಂಕ, ಎಣಿಸಿದವರು ತಪ್ಪಿ ಕೊಟ್ಟದ್ದಿರಬಹುದೇ ಎಂಬ ಸಂಶಯ ಈಗಲೂ ಇತ್ತು.

ಅಬ್ಬಾಸಾಕ, ಪಕ್ಕದ ವಠಾರದ ಪಟ್ಟಿ ಹಿಡಿದಿದ್ದ ಕಾರ್ಯಕರ್ತ ನಿಝಾಮನ ಪುಟವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ಅರುವತ್ತು ಹೆಸರು, ಅರುವತ್ತು ರೈಟು. ಒಂದೇ ಅಳತೆಯ, ಒಂದೇ ಓರೆಯ ರೈಟುಗಳು. “ಇದು ಕೆಲಸ!” ನಿಝಾಮ್ ನಾಚಿದಂತೆ ತಲೆ ಬಗ್ಗಿಸಿದ.

ಆಮೇಲೆ ಸರಸಳ ಪುಟ ತೆಗೆದುಕೊಂಡರು. ಕನ್ನಡಕ ಹಾಕಿದರು. ತೆಗೆದರು. ಮತ್ತೆ ಹಾಕಿದರು.

“ಇದೆಂತ ಸರಸಕ್ಕ? ಬರೀ ಪ್ರಶ್ನೆ! ಓಟರ್ ಲಿಸ್ಟಾ, ಪರೀಕ್ಷೆಯ ಪೇಪರಾ?”

“ಒಂದು ರೈಟು ಉಂಟು ಅಬ್ಬಾಸಾಕ. ಕೆಳಗೆ ನೋಡಿ.”

“ಇದು ನಿಮ್ಮದೇ ಹೆಸರಲ್ವಾ?”

“ಹೌದು.”

“ಅಲ್ಲ ಮಾರಾಯ್ತಿ, ಅದರ ಮೇಲಿದ್ದದ್ದು ನಿಮ್ಮ ಗಂಡ ಶಂಭಣ್ಣನ ಹೆಸರು. ಅವರಿಗೂ ಪ್ರಶ್ನೆಯಾ?”

“ನಿನ್ನೆ ಕೇಳಿದೆ. ‘ನಿನಗಲ್ಲದೆ ಮತ್ತೆ ಯಾರಿಗೆ’ ಅಂದರು.”

“ಮತ್ತೆಂತ ಸಮಸ್ಯೆ?”

“ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿದ್ದಕ್ಕೆ ಅಷ್ಟು ಬೇಗ ಹೂಂ ಅಂದದ್ದಿಲ್ಲ ಅಬ್ಬಾಸಾಕ. ಅದಕ್ಕೇ ಸಂಶಯ.”

ಕೋಣೆಯಲ್ಲಿ ಯಾರೋ ನಕ್ಕರು. ನಿಝಾಮ್ ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, ಹೇಳಿದ: “ಇವರು ಆ ಪಾರ್ಟಿಯ ರಾಫಿಯಾಳ ಒಟ್ಟಿಗೆ ಮನೆ ಮನೆಗೆ ಹೋದದ್ದಂತೆ.”

“ಅಲ್ಲಾಹ್!” ಅಬ್ಬಾಸಾಕ ಹಣೆ ಹಿಡಿದುಕೊಂಡರು. “ಅವರ ಎದುರು ಜನ ಹೇಗೆ ಸತ್ಯ ಹೇಳ್ತಾರೆ?”

“ಅವಳಿಲ್ಲದಿದ್ದರೂ ಹೇಳುವುದಿಲ್ಲ,” ಎಂದಳು ಸರಸ. “ಅವಳಿದ್ದ ಕಾರಣ ಸುಳ್ಳು ಹೇಳಲು ಸ್ವಲ್ಪ ಕಷ್ಟಪಟ್ಟರು.”

ಅಬ್ಬಾಸಾಕ ಗಡಿಯಾರ ನೋಡಿ ದನಿ ತಗ್ಗಿಸಿದರು. ಅವರು ಕೆಟ್ಟ ಮನುಷ್ಯರಲ್ಲ. “ನೋಡಿ, ಕ್ಯಾಂಡಿಡೇಟ್ ಈ ಪುಟ ನೋಡಿದರೆ ನನಗೆ ಮುಖ ಇಲ್ಲ. ಅಲ್ಲಿ ಕೂತು ಒಂದು ನಲವತ್ತಕ್ಕಾದರೂ ರೈಟು ಹಾಕಿ. ಹಾಕಿದರೆ ಏಜೆಂಟ್ ನೀವು. ಇಲ್ಲದಿದ್ದರೆ ನಿಝಾಮನ ಹೆಸರು ಬರೀತೇನೆ. ಬೇಸರ ಮಾಡ್ಬೇಡಿ.”

ಸರಸ ಮೂಲೆಯ ಸ್ಟೂಲಿನಲ್ಲಿ ಕೂತು ರಬ್ಬರ್ ಹಿಡಿದಳು. ಮೊದಲು ಸಿಕ್ಕಿದ್ದು ಖತೀಜಮ್ಮನ ಹೆಸರು. ಪಾಪದ ಮುದುಕಿ, ಕೈ ಹಿಡಿದು “ನಿನಗೇ ಮಗಾ” ಎಂದಿದ್ದಳು. ಅಳಿಸಿ ರೈಟು ಹಾಕಿದಳು. ಆದರೆ ಅದೇ ಖತೀಜಮ್ಮ ರಾಫಿಯಾಳ ಇನ್ನೊಂದು ಕೈಯನ್ನೂ ಹಿಡಿದಿದ್ದಳಲ್ಲ? ರೈಟು ಅಳಿಸಿದಳು. ಶಾಲೆಯ ಕೋಣೆ, ಅಧಿಕಾರಿಗಳ ಪಕ್ಕದ ಕುರ್ಚಿ ಕಣ್ಣೆದುರು ಬಂತು. ಮತ್ತೆ ರೈಟು ಹಾಕಿದಳು. ಈ ಸುಳ್ಳಿನಿಂದ ಇಡೀ ಚುನಾವಣೆಯ ಲೆಕ್ಕ ತಪ್ಪಿ ಹೋದರೆ? ಮತ್ತೆ ಅಳಿಸಿದಳು. ನಾಲ್ಕನೆಯ ಸಲ ಕಾಗದ ತೂತಾಗಿ, ಖತೀಜಮ್ಮನ ಹೆಸರಿನ ಮುಂದಿನಿಂದ ಸರಸಳ ಸೀರೆಯ ಹೂವು ಇಣುಕಿತು.

ಹೊರಗೆ ಕಾರು ನಿಂತಿತು.

ಅಭ್ಯರ್ಥಿ ಪೋಸ್ಟರಿನಲ್ಲಿ ಕಾಣುವುದಕ್ಕಿಂತ ಕುಳ್ಳಗಿದ್ದರು, ಗಂಟಲು ಪೂರ್ತಿ ಕೂತಿತ್ತು. ಬಂದವರೇ ಕುರ್ಚಿಗೆ ಕುಸಿದು ಚಪ್ಪಲಿ ಬಿಚ್ಚಿ, ಕಾಲನ್ನು ತಣ್ಣಗಿನ ನೆಲಕ್ಕೆ ಒತ್ತಿದರು.

“ಹೇಗುಂಟು ಅಬ್ಬಾಸ್, ನಮ್ಮ ಬೂತು?”

“ನೈಂಟಿ ಪರ್ಸೆಂಟ್ ನಮ್ಮದೇ!” ಎಂದರು ಅಬ್ಬಾಸಾಕ. ಕೋಣೆಯವರೆಲ್ಲ ತಲೆ ಆಡಿಸಿದರು. ಅಭ್ಯರ್ಥಿಯ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅವರು ಮೂಲೆಯಲ್ಲಿದ್ದ ಸರಸಳತ್ತ ಕೈ ಚಾಚಿದರು. ಪುಟ ಕೊಡದೆ ವಿಧಿಯಿರಲಿಲ್ಲ.

“ಈ ತೂತು ಎಂತದು?”

“ಖತೀಜಮ್ಮ ಸರ್,” ಎಂದಳು ಸರಸ. ಅವಳಿಗೆ ತನ್ನ ದನಿಯೇ ದೂರದಿಂದ ಬಂದ ಹಾಗೆ ಕೇಳಿತು. “ರೈಟು ಹಾಕಬೇಕಾ ಬೇಡವಾ ಅಂತ ಗೊತ್ತಾಗಲಿಲ್ಲ.”

ಅಭ್ಯರ್ಥಿ ಮೇಜಿನ ಮೇಲಿದ್ದ ನಿಝಾಮನ ಪುಟ ಎತ್ತಿ ಅವಳ ಮುಂದೆ ಹಿಡಿದರು. “ಇವರೆಲ್ಲ ನಿಮಗೆ ಗುರ್ತವಾ?”

ಊರಿನ ಅರ್ಧ ಜನರ ಅಳತೆ ಅವಳ ಪುಸ್ತಕದಲ್ಲಿತ್ತು. ಅವಳು ಹೆಸರುಗಳ ಮೇಲೆ ಬೆರಳೋಡಿಸಿದಳು. “ಈ ಮೊಯಿದಿನಬ್ಬ ಸೌದಿಯ ದಮ್ಮಾಮಿನಲ್ಲಿದ್ದಾರೆ ಸರ್, ಎರಡು ವರ್ಷದಿಂದ ರಜೆ ಸಿಕ್ಕಿಲ್ಲ. ಇವಳು ಮದುವೆಯಾಗಿ ವೇಣೂರಿಗೆ ಹೋದಳು. ಇವರು ತೀರಿಹೋಗಿದ್ದಾರೆ. ಹದಿಮೂರನೆಯ ದಿನದ ಬೊಜ್ಜಕ್ಕೆ ಸೊಸೆ ಉಟ್ಟ ಸೀರೆಯ ರವಿಕೆ ನಾನೇ ಹೊಲಿದದ್ದು.”

ಎಲ್ಲರೂ ನಿಝಾಮನನ್ನು ನೋಡಿದರು. ಅವನು ಟೈಲ್ಸ್‌ಗಳನ್ನು ನೋಡಿದ.

“ನಾನು ಗೆಲ್ತೇನಾ?” ಅಭ್ಯರ್ಥಿ ಅವಳನ್ನೇ ಕೇಳಿದರು.

ಅಬ್ಬಾಸಾಕ ಅವರ ಬೆನ್ನ ಹಿಂದೆ ನಿಂತು ಎರಡೂ ಕೈಯಿಂದ ಬೇಡಿಕೊಂಡರು. ಸರಸ ಅದನ್ನು ಕಂಡಳು. ಖಾಲಿ ಫಾರ್ಮನ್ನೂ ಕಂಡಳು.

“ಗೊತ್ತಿಲ್ಲ ಸರ್.”

ಅಭ್ಯರ್ಥಿ ಕಾಲ ಬೆರಳುಗಳನ್ನು ನೋಡಿಕೊಂಡು, “ಬೆಳಿಗ್ಗಿನಿಂದ ಹನ್ನೊಂದು ಬೂತಿಗೆ ಹೋದೆ,” ಎಂದರು. “ಎಲ್ಲ ಕಡೆಯೂ ನೈಂಟಿ ಪರ್ಸೆಂಟ್. ಹೋದ ಸಲ ಸೋತಾಗಲೂ ನೈಂಟಿಯೇ ಇತ್ತು.” ಚಪ್ಪಲಿಗೆ ಕಾಲು ತೂರಿಸಿದರು. “ಒಳಗೆ ಇವರನ್ನೇ ಕೂರಿಸು ಅಬ್ಬಾಸ್. ಸತ್ತವರು ಓಟು ಹಾಕಲು ಬಂದರೆ ಇವರಿಗಾದರೂ ಗುರ್ತ ಸಿಗ್ತದೆ.”

ಬಾಗಿಲವರೆಗೆ ಹೋದವರು ನಿಂತು ತಿರುಗಿದರು. “ಆ ಒಂದು ರೈಟು ಖಂಡಿತ ತಾನೇ?”

“ಖಂಡಿತ ಸರ್,” ಎಂದಳು ಸರಸ. ಹೇಳಿದ್ದು ತೀರ ಬೇಗ ಆಯಿತೇನೋ ಎಂಬ ಚಿಂತೆ ಕಾರು ಕಣ್ಮರೆಯಾಗುವವರೆಗೂ ಬಿಡಲಿಲ್ಲ.

ಅಬ್ಬಾಸಾಕ ಅವಳ ಹೆಸರನ್ನು ಅಚ್ಚುಕಟ್ಟಾಗಿ ಬರೆದು, ಸಹಿ ಹಾಕಿಸಿಕೊಂಡು, “ಪಾಸಿಗೆ ಎರಡು ಫೋಟೋ ಬೇಕು, ಈಗಲೇ ಹೋಗಿ ತೆಗೆಸಿ,” ಎಂದರು. ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರು: “ನನ್ನದು ನಿಮ್ಮ ಪುಟದಲ್ಲಿಲ್ಲ. ಇದ್ದಿದ್ದರೆ ಎಂತ ಹಾಕ್ತಿದ್ದಿರಿ?”

“ಬೇಡ ಅಬ್ಬಾಸಾಕ,” ಎಂದು ಸರಸ ಬೇಗ ಬೇಗ ಹೊರಗೆ ನಡೆದಳು.

ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ ಅವಳನ್ನು ನೀಲಿ ಪರದೆಯ ಮುಂದೆ ಕೂರಿಸಿದರು. ಸೆರಗು ಸರಿಮಾಡಿಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು. ಫೋಟೋಗ್ರಾಫರ್ ಸುಹೈಬ್ ಕ್ಯಾಮೆರಾದಿಂದ ಮುಖ ಎತ್ತಿದ.

“ಅಕ್ಕ, ಸರಕಾರಿ ಫೋಟೋ. ಹಲ್ಲು ಕಾಣ್ಬಾರ್ದು.”

ಸರಸ ಬಾಯಿ ಮುಚ್ಚಿದಳು. ಅವನು ಮತ್ತೆ ಬಗ್ಗಿದ, ಮತ್ತೆ ಎದ್ದ.

“ಈಗ ಕೆನ್ನೆ ಉಬ್ಬಿದೆ.”

ಅವಳು ಕೆನ್ನೆಗಳನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಿ, ಕೈ ತೆಗೆದು ಮಡಿಲಲ್ಲಿಟ್ಟು, ಉಸಿರು ಬಿಗಿಹಿಡಿದು ಕೂತಳು. ಸುಹೈಬ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ.