ನಗು ಶುರುವಾಗುವ ಜಾಗ

ನನ್ನ ಹೆಂಡತಿ ತೀರಿಕೊಂಡ ಹದಿನೈದನೆಯ ದಿನ ಮೊಮ್ಮಗ ಹುಟ್ಟಿದ. ಕಾಲು ಮುಂದಾಗಿ ಬಂದವನು. ತಲೆ ಸಿಕ್ಕಿಕೊಂಡು, ಎಳೆದು ತೆಗೆಯಬೇಕಾಯಿತು. ಜೀವ ಉಳಿಯಿತು, ಆದರೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲ ಎಂದರು ಡಾಕ್ಟರು. ಮನೆಮಂದಿಯೆಲ್ಲ ಅವನ ಸೇವೆಗೆ ನಿಂತಿದ್ದರಿಂದ ಅವನಿಗೆ ದೊರೆ ಎಂದೇ ಹೆಸರು ಬಿತ್ತು.

ನಾನು ದರ್ಜಿ. ನಾಲ್ಕು ತಿಂಗಳು ತುಂಬಿದಾಗ ಅವನಿಗೊಂದು ಪೈಜಾಮ ಹೊಲಿಯೋಣವೆಂದು ಅಳತೆ ತೆಗೆಯುತ್ತಿದ್ದೆ. ಟೇಪಿನ ತುದಿಯ ತಣ್ಣನೆಯ ತಗಡು ಅಂಗಾಲಿಗೆ ತಗುಲಿತು. ದೊರೆ ಸರಕ್ಕನೆ ಕಾಲು ಎಳೆದುಕೊಂಡ. ಸೊಸೆಯನ್ನು ಕೂಗಿ ಕರೆದು ಮತ್ತೆ ತಗುಲಿಸಿ ತೋರಿಸಿದೆ, ಮತ್ತೆ ಎಳೆದುಕೊಂಡ. ಅವಳು ನಕ್ಕಳು. ನಾನೂ ನಕ್ಕು ದೇವರಿಗೆ ಅಡ್ಡಬಿದ್ದೆ. ಆ ವಾರವೆಲ್ಲ ಅಂಗಡಿಗೆ ಬಂದವರಿಗೆ ಬಟ್ಟೆಯ ಮಾತಿಗಿಂತ ಕಾಲಿನ ಮಾತೇ ಹೆಚ್ಚಾಯಿತು.

ಮುಂದಿನ ವಾರ ಸೊಸೆಗೆ ಜ್ವರ ಬಂತು. ಮಗುವಿಗೆ ವ್ಯಾಯಾಮ ಮಾಡಿಸುವಾಕೆಯ ಬಳಿಗೆ ನಾನೇ ಎತ್ತಿಕೊಂಡು ಹೋದೆ. ಟೇಪು ತೆಗೆದು ನನ್ನ ಪವಾಡವನ್ನು ತೋರಿಸಿದೆ.

"ತಾತ, ಕಾಲು ನೋಡ್ಬೇಡಿ, ಮುಖ ನೋಡಿ," ಎಂದಳು ಆಕೆ ಮೆಲ್ಲಗೆ.

ನೋಡಿದೆ. ಕಾಲು ಎಳೆದುಕೊಂಡಿತು. ಮುಖ ಮಾತ್ರ ನೆಮ್ಮದಿಯಾಗಿ ಫ್ಯಾನು ನೋಡುತ್ತಿತ್ತು. ತಗುಲಿದ್ದು ಮಿದುಳಿಗೆ ತಲುಪುತ್ತಿಲ್ಲ, ಪೆಟ್ಟಾದ ಜಾಗದ ಕೆಳಗಿನ ಹುರಿ ತನ್ನಷ್ಟಕ್ಕೆ ಕಾಲನ್ನು ಎಳೆಯುತ್ತದೆ ಎಂದು ಆಕೆ ತಿಳಿಸಿ ಹೇಳಿದಳು.

ದಾರಿಯುದ್ದಕ್ಕೂ ಒಂದೇ ಸಂಕಟ. ಹೆತ್ತವಳಿಗೆ ಆಸೆ ಹುಟ್ಟಿಸಿದವನು ನಾನು, ಅದನ್ನು ಕಿತ್ತುಕೊಳ್ಳಬೇಕಾದವನೂ ನಾನೇ. ಮನೆಗೆ ಬಂದು, ಅವಳ ಮುಖ ನೋಡಲಾರದೆ, ಗೋಡೆಯ ಕಡೆ ತಿರುಗಿ ಹೇಳಿದೆ.

"ನಂಗೆ ಗೊತ್ತಿತ್ತು ಮಾವ. ಮೊದಲನೇ ತಿಂಗಳೇ ಹೇಳಿದ್ರು."

"ಮತ್ತೆ ನನ್ನನ್ಯಾಕೆ ಕುಣಿಯೋಕೆ ಬಿಟ್ಟೆ?"

"ಅತ್ತೆ ಹೋದ್ಮೇಲೆ ನೀವು ನಕ್ಕಿದ್ದು ಅವತ್ತೇ. ಅದನ್ನ ಕೆಡಿಸೋಕೆ ಮನಸ್ಸು ಬರ್ಲಿಲ್ಲ."

ಅವಳು ಮಗುವಿನ ಪಾದದಿಂದ ಮೇಲಕ್ಕೆ ಬೆರಳು ಆಡಿಸುತ್ತ ಬಂದಳು. ಮೊಣಕಾಲು, ತೊಡೆ, ಸೊಂಟ. ದೊರೆಗೆ ಅದರ ಗೊಡವೆಯೇ ಇಲ್ಲ. ಹೊಕ್ಕುಳ ದಾಟಿ ಎರಡು ಬೆರಳು ಮೇಲೆ ಬಂದದ್ದೇ ತಡ, ಕಿಲಕಿಲನೆ ನಕ್ಕ.

"ಇಲ್ಲಿಂದ ಶುರು ನೋಡಿ. ಜೀವಮಾನವೆಲ್ಲ ಅಳತೆ ತೆಗೆದೋರು, ಜಾಗ ತಪ್ಪಿದ್ರಲ್ಲ ಮಾವ."

ದೇವರಲ್ಲಿ ಆ ಕಾಲುಗಳನ್ನು ನಾನು ಇಂದಿಗೂ ಬೇಡುತ್ತೇನೆ. ಆದರೆ ಪೈಜಾಮವನ್ನು ಅಂದೇ ಹೊಲಿದು ಮುಗಿಸಿದೆ, ಹೊಲಿಗೆಯ ಅಂಚುಗಳನ್ನೆಲ್ಲ ಹೊರಗಿಟ್ಟು. ಒಳಗಿದ್ದು ಒತ್ತಿ ಗಾಯವಾದರೂ ಅವನಿಗೆ ತಿಳಿಯುವುದಿಲ್ಲ, ಅಳುವುದೂ ಇಲ್ಲ. ಅಂಚು ಹೊರಗೆ ಕಂಡರೆ ನನ್ನಾಕೆ ಎಂದೂ ಒಪ್ಪಿದವಳಲ್ಲ. ಇದೊಂದನ್ನು ಒಪ್ಪುತ್ತಿದ್ದಳು.