ದೇಹದಾನಕ್ಕೆ ದ್ಯಾವಮ್ಮ ಒಪ್ಪಿದ್ದು

ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಾಗ ಕುಡುಗೋಲು ಜಾರಿ ಮಾದಿಹಳ್ಳಿಯ ದ್ಯಾವಮ್ಮನವರ ಅಂಗೈ ಸೀಳಿತು. ರಕ್ತವೇನೋ ನಿಂತಿತು, ಆದರೆ ಎರಡು ಬೆರಳು ಮಡಚಲು ಬರಲಿಲ್ಲ. ಹಾಸನದಲ್ಲಿ ಆಪರೇಷನ್ ಆಯಿತು. ಕೆಲವು ತಿಂಗಳಲ್ಲಿ ಅವರು ಮತ್ತೆ ಹಾಲು ಕರೆಯತೊಡಗಿದರು.

"ನರ ಕಟ್ಟಾಗಿತ್ತು, ಡಾಕ್ಟ್ರು ಸೇರ್ಸಿದ್ರು" ಎಂದು ಗಂಡ ಕೆಂಚಯ್ಯ ಎಲ್ಲರಿಗೂ ಹೇಳುತ್ತಿದ್ದರು.

ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದ ಮೊಮ್ಮಗಳು ಹರ್ಷಿತಾ ರಜೆಗೆ ಬಂದಾಗ ನಕ್ಕಳು. "ತಾತ, ಅದು ನರ ಅಲ್ಲ. ಚರ್ಮದ ಕೆಳಗೆ ನೀಲಿಯಾಗಿ ಕಾಣೋದು ರಕ್ತನಾಳ. ಮುಟ್ಟಿದ್ದು, ನೋವು ತಿಳಿಸೋದು ನರ. ಬೆರಳನ್ನ ಎಳೆಯೋದು ಹಗ್ಗದಂಥ ಸ್ನಾಯುರಜ್ಜು. ಅಜ್ಜಿಗೆ ಕಟ್ಟಾಗಿದ್ದು ಅದು."

"ಅಷ್ಟು ಸಣ್ ಕೈಯೊಳಗೆ ಯಾವುದು ಯಾವುದು ಅಂತ ಡಾಕ್ಟ್ರಿಗೆ ಹೆಂಗ್ ಗೊತ್ತಾಯ್ತವ್ವಾ?" ಎಂದು ಕೆಂಚಯ್ಯ ಕೇಳಿದರು.

"ಪುಸ್ತಕದಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ ಇರುತ್ತೆ. ದೇಹದಲ್ಲಿ ಹಾಗಿರಲ್ಲ. ಒಬ್ಬರಿದ್ದಂಗೆ ಇನ್ನೊಬ್ಬರು ಇರಲ್ಲ. ಬಿಡಿಸಿ ನೋಡೇ ಕಲೀಬೇಕು. ಅದಕ್ಕೇ ಕೆಲವರು ಸತ್ತ ಮೇಲೆ ದೇಹ ದಾನ ಮಾಡ್ತಾರೆ."

ಕೆಂಚಯ್ಯ ಹೆಂಡತಿಯ ಅಂಗೈಯ ಹೊಲಿಗೆ ಗುರುತು ನೋಡಿದರು. ಆಮೇಲೆ, "ನಂದೂ ಕೊಡಣ" ಎಂದರು.

ದ್ಯಾವಮ್ಮ ಸಿಡಿದರು. "ತಲೆ ಕೆಟ್ಟೈತಾ ನಿಮ್ಗೆ? ಅವ್ರು ಕೊಯ್ತಾರಲ್ಲ, ನೋವಾದ್ರೆ?"

"ಅಜ್ಜಿ, ನೋವನ್ನ ಮಿದುಳಿಗೆ ಮುಟ್ಟಿಸೋದು ನರ. ಜೀವ ಹೋದ್ಮೇಲೆ ಮುಟ್ಟಿಸೋ ನರವೂ ಕೆಲಸ ಮಾಡಲ್ಲ, ಕೇಳೋ ಮಿದುಳೂ ಇಲ್ಲ."

"ಮಣ್ಣು ಹಾಕಕ್ಕೂ ಸಿಗಾಕಿಲ್ವಲ್ಲೇ?"

ಹರ್ಷಿತಾ ಅಜ್ಜಿಯ ಪಕ್ಕಕ್ಕೆ ಬಂದು ಕೂತಳು.

"ನಿಂಗ್ ಬ್ಯಾಡ ಅಂದ್ರೆ ಬ್ಯಾಡ ಕಣೇ" ಎಂದು ಕೆಂಚಯ್ಯ ಎದ್ದು ದನದ ಹಟ್ಟಿಯ ಕಡೆ ಹೋದರು.

ಸಂಜೆ ದ್ಯಾವಮ್ಮನೇ ಮೊಮ್ಮಗಳನ್ನು ಕೇಳಿದರು. "ಆ ದೇಹಕ್ಕೆ ಮರ್ಯಾದೆ ಕೊಡ್ತೀರೇನೇ?"

"ಮೊದಲನೇ ದಿನ ಎಲ್ಲರೂ ಕೈ ಮುಗಿದು ನಿಂತಿದ್ವಿ ಅಜ್ಜಿ. ಆದ್ರೆ ದೇಹ ಕಮ್ಮಿ, ಓದೋರು ಜಾಸ್ತಿ. ನಾನು ಕುಳ್ಳಿ, ಹಿಂದೆ ಸಿಕ್ಕಾಕೊಂಡೆ. ಕೈ ಪಾಠದ ದಿನ ನಂಗೆ ಸರಿಯಾಗಿ ಕಾಣ್ಲೇ ಇಲ್ಲ."

"ಕಾಣ್ದಿದ್ರೆ ನಾಳೆ ಯಾರ್ದೋ ಕೈ ಹೊಲಿಯೋದೆಂಗೆ ನೀನು?"

ಮರುದಿನ ಬೆಳಿಗ್ಗೆ ದ್ಯಾವಮ್ಮ ಗಂಡನಿಗೆ ಕಾಫಿ ಕೊಡುತ್ತಾ, "ಹೆಸ್ರು ಬರೆಸಕ್ಕೆ ಕಾಲೇಜಿಗೆ ಯಾವತ್ತು ಹೋಗಣ ಹೇಳಿ. ನಾನೂ ಬತ್ತೀನಿ" ಎಂದರು.

ಎರಡು ವರ್ಷದ ಮೇಲೆ ಕೆಂಚಯ್ಯ ನಿದ್ದೆಯಲ್ಲೇ ತೀರಿಕೊಂಡರು. ಡಾಕ್ಟರು ಬಂದು ನೋಡಿ ಸಾವನ್ನು ದೃಢಪಡಿಸಿದರು. ದ್ಯಾವಮ್ಮ ಅಳುತ್ತಲೇ ಮಗನಿಗೆ ಕಾಲೇಜಿಗೆ ಫೋನ್ ಮಾಡಲು ಹೇಳಿದರು. ಗಂಡನಿಗೆ ಬಿಳಿ ಬಟ್ಟೆ ಉಡಿಸಿದರು. ಬೌದ್ಧ ಧರ್ಮ ಸೇರಿದ್ದ ಮನೆಯವರೆಲ್ಲ ಬುದ್ಧವಂದನೆ ಹೇಳಿದರು. ಆಂಬುಲೆನ್ಸ್ ಬಂದಾಗ ಮೈದುನ ಬಾಗಿಲಿಗೆ ಅಡ್ಡ ನಿಂತ.

"ಅತ್ಗೆ, ಮಣ್ಣು ಮಾಡ್ದೆ ಕಳಿಸ್ತೀರಾ ಅಣ್ಣನ್ನ?"

ದ್ಯಾವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸ್ಕೂಲ್ ಮೆಟ್ಲು ಹತ್ತಿದೋರಲ್ಲ ನಿಮ್ಮಣ್ಣ. ಇವತ್ತು ಡಾಕ್ಟ್ರಾಗೋ ಮಕ್ಳಿಗೆ ಪಾಠ ಹೇಳಕ್ಕೆ ಹೊಂಟವ್ರೆ. ದಾರಿ ಬಿಡಪ್ಪ."

ಅವನು ಸರಿದು ನಿಂತ. ಆಮೇಲೆ ತಾನೇ ಬಂದು ಅಣ್ಣನಿಗೆ ಹೆಗಲು ಕೊಟ್ಟ.

ಅಕ್ಕಂದಿರೇ, ಅಣ್ಣಂದಿರೇ, ದೇಹದಾನ ಬಲವಂತವಲ್ಲ, ನಿಮ್ಮ ಇಷ್ಟ. ಮನಸ್ಸಿದ್ದರೆ ಹತ್ತಿರದ ಮೆಡಿಕಲ್ ಕಾಲೇಜಿನ ಅಂಗರಚನಾ (ಅನಾಟಮಿ) ವಿಭಾಗದಲ್ಲಿ ವಿಚಾರಿಸಿ. ಪೋಸ್ಟ್‌ಮಾರ್ಟಂ ಆದ ದೇಹ, ಕೆಲವು ಸೋಂಕುಗಳಿದ್ದ ದೇಹ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅದನ್ನೂ ಕೇಳಿ ತಿಳಿದುಕೊಳ್ಳಿ. ಎಲ್ಲಕ್ಕಿಂತ ಮೊದಲು ಮನೆಯವರ ಜೊತೆ ಕೂತು ಮಾತಾಡಿ. ಏಕೆಂದರೆ ಆ ದಿನ ಫೋನ್ ಮಾಡಬೇಕಾದವರು ನೀವಲ್ಲ, ಅವರು.