ಗಂಡಿಲ್ಲದ ಟ್ಯಾಂಕು

ನಮ್ಮ ಭಾವ ಬಾಹುಬಲಿಯವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಕಬ್ಬಿನ ರೋಗ, ಕೋರ್ಟಿನ ಕಾಯ್ದೆ, ನಾನು ಮಾಡುವ ಸಾರಿಗೆ ಎಷ್ಟು ಉಪ್ಪು ಬೀಳಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ನಾನು ಅವರ ತಮ್ಮ ಶ್ರೇಣಿಕನ ಹೆಂಡತಿ, ತ್ರಿಶಲಾ. ಹದಿನಾಲ್ಕು ವರ್ಷದಿಂದ ಈ ಪಾಂಡಿತ್ಯವನ್ನು ಎರಡು ಹೊತ್ತೂ ಊಟದ ಜೊತೆ ನುಂಗುತ್ತಿದ್ದೇನೆ.

ಹೋದ ವರ್ಷ ಚಿಕ್ಕೋಡಿಯ ಡಾಕ್ಟರೊಬ್ಬರು, ಬಿಪಿ ಇಳಿಯಬೇಕಾದರೆ ದಿನಾ ಸ್ವಲ್ಪ ಹೊತ್ತು ಮೀನು ನೋಡುತ್ತ ಕೂತುಕೊಳ್ಳಿ ಅಂದರು. ಭಾವ ನಿಪ್ಪಾಣಿಯ ರೂಪೇಶನ ಅಕ್ವೇರಿಯಂ ಅಂಗಡಿಗೆ ಹೋಗಿ, ತತ್ತಿ ಇಡದ ಮೀನು ಇದ್ದರೆ ಕೊಡು ಅಂದರಂತೆ. ಜೈನರ ಮನೆಯಲ್ಲಿ ತತ್ತಿ ಬೇಡ, ಗಾಜಿನೊಳಗೂ ಬೇಡ. ಅವನು ಗಪ್ಪಿ ಕೊಟ್ಟ. ಅದು ನೇರವಾಗಿ ಮರಿ ಹಾಕುವ ಜಾತಿ. ಬಣ್ಣದ ಬಾಲದ ನಾಲ್ಕು ಗಂಡು, ಬೂದು ಬಣ್ಣದ ಆರು ಹೆಣ್ಣು. ಟ್ಯಾಂಕು ಪಡಸಾಲೆಗೆ ಬಂದು ಕೂತ ದಿನವೇ ಭಾವ ಮೀನಿನಲ್ಲೂ ಪಂಡಿತರಾದರು.

ಮೊದಲು ಮೀನಿನ ಆಹಾರದ ಪ್ಯಾಕೆಟ್ ಓದಿದರು. ಒಳಗೆ ಒಣ ಸಿಗಡಿ ಪುಡಿ ಇದೆ ಅಂತ ತಿಳಿದು ಅದನ್ನು ಗಟಾರಕ್ಕೆ ಎಸೆದರು. ಮೀನುಗಳಿಗೆ ಬೇಯಿಸಿದ ಬಟಾಣಿ, ಅದೂ ಸೂರ್ಯ ಮುಳುಗುವ ಮೊದಲು. ನೀರು ಅರಿವೆಯಲ್ಲಿ ಸೋಸಿಯೇ ಹಾಕಬೇಕು. ಸೋಸುವವಳು ಯಾರು? ಹನ್ನೊಂದು ವರ್ಷದಿಂದ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಲಕ್ಕವ್ವ. ಭಾವ ಕುರ್ಚಿಯಲ್ಲಿ ಕೂತು ಅಹಿಂಸೆಯ ಬಗ್ಗೆ ಮಾತಾಡುತ್ತಿದ್ದರು, ಅವಳು ಬಕೆಟ್ ಹೊರುತ್ತಿದ್ದಳು.

ಒಂದು ಬೆಳಿಗ್ಗೆ ಹೊಟ್ಟೆ ಉಬ್ಬಿದ್ದ ಗಪ್ಪಿ ಒಂದು ಮರಿ ಹಾಕಿತು, ತಿರುಗಿ ಅದನ್ನೇ ನುಂಗಿತು. ಭಾವ ಕಿರುಚಿದ್ದಕ್ಕೆ ಓಣಿಯವರೆಲ್ಲ ಹೊರಗೆ ಬಂದರು. ರೂಪೇಶನಿಗೆ ಫೋನ್ ಮಾಡಿದರೆ, ಒಂದಿಷ್ಟು ನೀರಿನ ಗಿಡ ಹಾಕಿ, ಮರಿಗಳು ಸಂದಿಯಲ್ಲಿ ಅಡಗುತ್ತವೆ ಅಂದ. ಅವನು ಇನ್ನೂ ಏನೋ ಹೇಳುತ್ತಿದ್ದ, ಇವರು ಫೋನ್ ಇಟ್ಟರು. ಅಂಗಡಿಯವನ ಮಾತು ಕೇಳುವ ಪೈಕಿ ಅಲ್ಲ ಇವರು. ನಾಲ್ಕೂ ಗಂಡನ್ನು ಹಿಡಿದು ಡಾಕ್ಟರ ದವಾಖಾನೆಯ ಟ್ಯಾಂಕಿಗೆ ಸಾಗಿಸಿದರು. ಗಂಡೇ ಇಲ್ಲದ ಮೇಲೆ ಮರಿ ಎಲ್ಲಿಂದ, ಪಾಪ ಎಲ್ಲಿಂದ? ಬಸದಿಯಲ್ಲಿ ನಾಲ್ಕು ಜನರೆದುರು ಜಂಭ ಕೊಚ್ಚಿಯೂ ಬಂದರು: "ಈ ಸಲ ದಶಲಕ್ಷಣ ಪರ್ವದಾಗ ನಮ್ಮ ಟ್ಯಾಂಕಿನ್ಯಾಗ ಹುಟ್ಟೂದೂ ಇಲ್ಲ, ಸಾಯೂದೂ ಇಲ್ಲ. ಬಂದ ನೋಡ್ರಿ."

ಪರ್ವದ ನಾಲ್ಕನೆಯ ದಿನ ಜನ ನೋಡಲು ಬಂದರು. ಟ್ಯಾಂಕಿನಲ್ಲಿ ಹದಿನೆಂಟು ಮರಿ ಓಡಾಡುತ್ತಿದ್ದವು. ಬಂದವರು ಚಹಾ ಕುಡಿಯುವುದರೊಳಗೆ ಹನ್ನೊಂದು ಉಳಿದಿದ್ದವು.

ಭಾವನ ಮುಖ ನೋಡಬೇಕಿತ್ತು. ತಾನು ತಪ್ಪಿರಬಹುದು ಅನ್ನುವ ಯೋಚನೆ ಆ ತಲೆಯ ಬಾಗಿಲು ಎಂದೂ ದಾಟಿದ್ದಿಲ್ಲ. ಹಾಗಾಗಿ ತಪ್ಪು ಬೇರೆಯವರದೇ ಆಗಬೇಕಿತ್ತು. ಅತಿಥಿಗಳ ಎದುರೇ ಲಕ್ಕವ್ವನನ್ನು ಕರೆದರು.

"ಟ್ಯಾಂಕಿನ್ಯಾಗ ನಿನ್ನ ಬಿಟ್ಟು ಯಾರ ಕೈ ಹಾಕ್ತಾರ? ಗಂಡ ಮೀನ ಯಾವಾಗ ತಂದ ಬಿಟ್ಟಿ?"

"ಗಂಡ ಬಣ್ಣದ್ದಿರತೈತ್ರಿ ಸಾವಕಾರ್ರ. ನಾ ಬಿಟ್ಟಿದ್ರ ನಿಮಗ ಕಾಣತಿರಲಿಲ್ಲೇನ್ರಿ?"

"ಕೆಲಸಾ ಆದ ಮ್ಯಾಲ ತಗದಿ! ಮರಿ ಒಯ್ದ ಮಾರಾಕ."

ಯಾರೂ ನಗಲಿಲ್ಲ. ಗಂಡು ಮೀನನ್ನು ಕದ್ದುಮುಚ್ಚಿ ತಂದು, ಕೂಡಿಸಿ, ಹಿಡಿದು ವಾಪಸ್ ಒಯ್ಯುವ ಈ ಅರವತ್ತರ ಹೆಂಗಸಿನ ಸಾಹಸವನ್ನು ಪಡಸಾಲೆ ತುಂಬ ಕೂತ ದೊಡ್ಡ ಮಂದಿ ತಲೆಯಾಡಿಸಿ ನಂಬಿದರು. ನನ್ನ ಗಂಡ ತನ್ನ ಮೊಬೈಲಿನಲ್ಲಿ ಏನೋ ಅತಿ ಮುಖ್ಯವಾದದ್ದನ್ನು ಹುಡುಕುತ್ತಿದ್ದ. ಅವನಿಗೆ ಬೆನ್ನೆಲುಬು ಇದೆ ಅಂತ ಎಕ್ಸ್-ರೇ ತೆಗೆಸಿಯೇ ನಂಬಬೇಕು.

ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಭಾವನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಹೊರಗೆ ಒಂದಕ್ಷರ ಆಡಲಿಲ್ಲ. ಮೊಮ್ಮಗಳಿಗೆ ಒಂದು ಜೋಡಿ ಮೀನು ಕೊಡುತ್ತೀರಾ ಅಂತ ಲಕ್ಕವ್ವ ಒಮ್ಮೆ ನನ್ನನ್ನು ಕೇಳಿದ್ದಳು. ಆ ಮಾತೂ ಆಗಲೇ ನೆನಪಾಯಿತು.

"ಕೊಕಟನೂರ ಎಲ್ಲಮ್ಮನ ಆಣಿ ಮಾಡಿ ಹೇಳ," ಅಂದರು ಭಾವ.

"ಮೀನಿನ ಸಲುವಾಗಿ ತಾಯಿ ಹೆಸರ ತಗೊಳ್ಳೂದಿಲ್ರಿ," ಅಂದಳು ಲಕ್ಕವ್ವ. ನೀರು ಸೋಸುವ ಅರಿವೆಯನ್ನು ಹಿಂಡಿ ತಂತಿಯ ಮೇಲೆ ಹರವಿ, ಚಪ್ಪಲಿ ಮೆಟ್ಟಿ ಹೊರಟುಹೋದಳು. ಆಣೆ ಮಾಡದಿದ್ದದ್ದೇ ಸಾಕ್ಷಿ ಅಂತ ಭಾವ ತೀರ್ಪು ಕೊಟ್ಟರು.

ಒಂದು ತಿಂಗಳು ಕಳೆಯಿತು. ಲಕ್ಕವ್ವ ಇಲ್ಲ, ಗಂಡು ಇಲ್ಲ, ಭಾವನನ್ನು ಬಿಟ್ಟು ಯಾರೂ ಟ್ಯಾಂಕಿಗೆ ಕೈ ಹಾಕಿಲ್ಲ. ಮತ್ತೆ ಇಪ್ಪತ್ತು ಮರಿ! ಈ ಸಲ ಭಾವ ಟ್ಯಾಂಕಿನ ಮೇಲೆ ಟವೆಲ್ ಹೊದಿಸಿ ಪೇಪರ್ ಓದುತ್ತ ಕೂತರು.

ನಾನು ಬಸ್ಸು ಹತ್ತಿ ನಿಪ್ಪಾಣಿಗೆ ಹೋದೆ. ರೂಪೇಶ ಹೊಟ್ಟೆ ಹಿಡಿದು ನಕ್ಕ.

"ವೈನಿ, ಗಪ್ಪಿ ಒಂದ ಸಲ ಗಂಡಿನ ಜೋಡಿ ಕೂಡಿದ್ರ ಬೀಜ ಒಳಗ ಇಟಗೊಂತೈತ್ರಿ. ಮುಂದ ಗಂಡ ಇಲ್ದನ ಐದಾರ ತಿಂಗಳ ಹಡೀತಾನ ಇರತೈತಿ. ಅವತ್ತ ಫೋನಿನ್ಯಾಗ ಅದನ್ನ ಹೇಳಾಕತ್ತಿದ್ನಿ, ಸಾವಕಾರ್ರು ಕಟ್ ಮಾಡಿದ್ರು."

ಆ ಸಂಜೆ ಊಟದ ಹೊತ್ತಿಗೆ ಎಲ್ಲರೆದುರು ಇದನ್ನು ಹೇಳಿದೆ. ಭಾವ ತಟ್ಟೆಯತ್ತ ಬಗ್ಗಿದರು. ಎರಡು ತುತ್ತು ಉಂಡು, "ಬರ್ತಾಳಂದ್ರ ಬರಲಿ, ನಂದೇನ ತಕರಾರ ಇಲ್ಲ," ಅಂದರು. ಕ್ಷಮಿಸುವವರ ಠೀವಿ! ನನಗೆ ಹೇಸಿಗೆಯಾಯಿತು. ಆದರೂ ಗೆದ್ದೆ ಅನ್ನಿಸಿತು.

ಮರುದಿನ ಲಕ್ಕವ್ವನ ಮನೆಗೆ ಹೋದೆ. ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಿದ್ದಳು, ಹೊರಡುವ ಗಡಿಬಿಡಿ. ಆದರೂ ಚಾಪೆ ಹಾಸಿ ಕೂರಿಸಿದಳು. ನಾನು ಗಪ್ಪಿಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಭಾವನನ್ನು ಮನಸಾರೆ ಬೈದೆ. "ನಿಂದೇನೂ ತಪ್ಪಿಲ್ಲ ಅಂತ ಈಗ ಖಾತ್ರಿ ಆತ ಲಕ್ಕವ್ವ, ನಾಳಿಂದ ಬಾ," ಅಂದೆ.

ಅವಳು ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು.

"ಮೀನ ಹ್ಯಾಂಗ ಹಡೀತೈತಿ ಅನ್ನೂದು ನಿಮಗ ಗೊತ್ತಿರಲಿಲ್ಲ, ಖರೇನ್ರಿ ಅಕ್ಕಾರ. ಹನ್ನೊಂದ ವರ್ಸ ಆತು, ನಾ ಎಂಥಾಕಿ ಅನ್ನೂದೂ ಗೊತ್ತಿರಲಿಲ್ಲೇನ್ರಿ?"

ಸಿಟ್ಟಿನಿಂದ ಕೇಳಲಿಲ್ಲ. ಕೇಳಿ, ಕೀಲಿ ಕೈಯಲ್ಲಿ ಹಿಡಿದು ನಾನು ಏಳುವುದನ್ನು ಕಾದಳು. ವಾಪಸ್ ಬರುವಾಗ ದಾರಿಯುದ್ದಕ್ಕೂ ಭಾವನನ್ನು ಬೈಯಲು ನೋಡಿದೆ, ಒಂದು ಮಾತೂ ಬಾಯಿಗೆ ಬರಲಿಲ್ಲ.